ಅರ್ಧ ಸ್ವರ

ಅಪ್ಪನಿಗೆ ಮರುಭೂಮಿ ಗೊತ್ತೇ ಇರಲಿಲ್ಲ.
ಗೊತ್ತಿದ್ದದ್ದು ಕಲ್ಲಿದ್ದಲು, ಬಿಡದ ಜಿನುಗು ಮಳೆ,
ಅಸ್ತೂರಿಯಾಸ್‌ನ ಒಂದು ಕಣಿವೆ, ಸೇಬಿನ ಹುಳಿ ಹೆಂಡ,
ಮತ್ತೆ ಓಬೊ: ಗಣಿಯ ಬ್ಯಾಂಡಿನಲ್ಲಿ ಎರಡನೇ ಸಾಲು.

ಯುದ್ಧ ಸೋತು, ಗಡಿ ದಾಟಿ, ಹಡಗು ಹತ್ತಿ
ವೆರಾಕ್ರೂಸ್‌ನಲ್ಲಿ ಇಳಿದಾಗ ಕೈಲಿದ್ದದ್ದು
ವಾದ್ಯದ ಪೆಟ್ಟಿಗೆ, ಒಂದೇ ಒಂದು ಬೂಟು.
ಇನ್ನೊಂದರ ಕತೆ ಪ್ರತಿ ಸಲ ಬೇರೆ ಹೇಳುತ್ತಿದ್ದ.

ಮೆಕ್ಸಿಕೋ ನಗರದ ಸ್ಟುಡಿಯೋದಲ್ಲಿ ದಿನಗೂಲಿ.
ನಿರ್ದೇಶಕ ದೋನ್ ಆಪೊಲಿನಾರ್, ಬಾಯಲ್ಲಿ ಆರಿದ ಚುಟ್ಟಾ:
"ವಿಧವೆ ಹೇಸರಗತ್ತೆ ಹತ್ತಿ ಬಯಲು ದಾಟುತ್ತಾಳೆ.
ಮೂರು ನಿಮಿಷ. ಮಾತಿಲ್ಲ. ಏನಾದರೂ ಊದು, ಸ್ಪೇನಿನವನೇ,
ಗಿಟಾರಿನವರು ಊಟಕ್ಕೆ ಹೋಗಿದ್ದಾರೆ."

ಪರದೆಯ ಮೇಲೆ ಬಿಸಿಲು. ಕತ್ತಾಳೆ. ಬಿಸಿಲು.
ಅಪ್ಪ ಕಂಡ ವಿಧವೆಯರೆಲ್ಲ
ಗಣಿಯ ಬಾಯಲ್ಲಿ ಸಾಲಾಗಿ ನಿಂತವರು.
ಊದಿದ್ದು ಅದನ್ನೇ, ಕುಸಿತದ ದಿನದ ಸೈರನ್ನು:
ಉದ್ದಕ್ಕೆ ಎಳೆದು, ಇನ್ನೇನು ನಿಂತಿತು ಎನ್ನುವಾಗ
ಅರ್ಧ ಸ್ವರ ಕೆಳಗೆ ಜಾರುತ್ತಿತ್ತಂತೆ,
ಯಾರದೋ ಮನೆಯ ಬಾಗಿಲು ಹುಡುಕುವ ಹಾಗೆ.

ದೋನ್ ಆಪೊಲಿನಾರ್ ಚುಟ್ಟಾ ಹಚ್ಚಿದ.
"ಇದೇ," ಅಂದ, "ಇದೇ ನಮ್ಮ ನೆಲದ ದನಿ."

ಆಮೇಲೆ ಎಲ್ಲರೂ ಕದ್ದರು. ಕದ್ದರು ಅನ್ನಬಾರದು,
ಕತ್ತಾಳೆಯ ಹೆಂಡಕ್ಕೆ ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ;
ಹುಳಿ ಏರಿದ ಮೇಲೆ ಯಾರದ್ದೆಂದು ಯಾರು ಕೇಳುತ್ತಾರೆ?
ಪಿಟೀಲಿನಲ್ಲಿ ಬಂತು, ತುತ್ತೂರಿಯಲ್ಲಿ ಬಂತು,
ಕುದುರೆ ಸತ್ತರೆ ಬಂತು, ಬಾವಿ ಬತ್ತಿದರೆ ಬಂತು,
ನಗೆಚಿತ್ರದ ಕುಡುಕನ ಜೇಬು ಬರಿದಾದರೂ ಬಂತು.
ತಾಕುಬಾಯಾದ ಅಗ್ಗದ ಟಾಕೀಸಿನಲ್ಲಿ
ಕಡಲೆಕಾಯಿ ಸಿಪ್ಪೆ ತುಳಿಯುತ್ತ ಜನ ಬಿಕ್ಕುತ್ತಿದ್ದರು.
ಹೆಸರಿನ ಪಟ್ಟಿಯಲ್ಲಿ ಅಪ್ಪ ಇರುತ್ತಿರಲಿಲ್ಲ;
ಒಮ್ಮೆ ಇದ್ದ, ತಪ್ಪು ಕಾಗುಣಿತದಲ್ಲಿ.

ನನಗೆ ಬೇಕಿದ್ದದ್ದು ಅದಲ್ಲ. ಆ ಮೊದಲ ಚಿತ್ರದಲ್ಲಿ
ಸ್ವರಕ್ಕೂ ಮುಂಚೆ ಒಂದು ಉಸಿರು ಸಿಕ್ಕಿಬಿದ್ದಿದೆ,
ಗಣಿಯ ಧೂಳಿನ, ಒಂಚೂರು ಗೊರ್ ಅನ್ನುವ ಉಸಿರು.
ಅವನು ಹೋದ ವರ್ಷ ಅದಕ್ಕೇ
ಹನ್ನೊಂದು ಸಲ ಟಿಕೆಟ್ ಕೊಂಡೆ.

ಅಲ್ಲಿಯ ಸರ್ವಾಧಿಕಾರಿ ಸತ್ತ ಮೇಲೆ ಕಣಿವೆಗೆ ಹೋದೆ, ಒಬ್ಬಳೇ.
ಸೋದರತ್ತೆ ಎತೆಲ್ವಿನಾ ಸೇಬು ಹೆಚ್ಚುತ್ತಿದ್ದಳು.
ಸೈರನ್ ಕೂಗಿತು. ಎಳೆಯಿತು. ಜಾರಿತು.
ಅತ್ತೆ ಚಾಕು ಕೆಳಗಿಟ್ಟು ಒದ್ದೆ ಕೈಯಲ್ಲೇ ಓಡಿದಳು,
ಬೀದಿಗೆ ಬೀದಿಯೇ ಓಡಿತು.

ನಾನು ಓಡಲಿಲ್ಲ. ಹೇಳಲು ನಾಚಿಕೆ.
ಹೊರಗೆ ಜಿನುಗು ಮಳೆ, ನನ್ನ ಕಣ್ಣ ತುಂಬ
ಬಿಸಿಲು, ಕತ್ತಾಳೆ, ಹೇಸರಗತ್ತೆಯ ಮೇಲೊಬ್ಬಳು.
ಅವಳು ಬಯಲು ದಾಟಲಿ ಎಂದು
ಕೂತೇ ಇದ್ದೆ,
ಹೆಚ್ಚಿದ ಸೇಬು ಕಂದುವ ತನಕ.