ನಿಘಂಟಿಗೆ ಸೇರಿಸು

ಕ್ಲಾಕ್ಸ್‌ವಿಕ್ ಬಂದರು ಕಚೇರಿ. ಬೆಳಗಿನ ಒಂಬತ್ತಕ್ಕೂ ದೀಪ.
ತೋರ್ಶಾವ್ನ್‌ನಿಂದ ಬಂದ ಹುಡುಗ
ಹಳೆಯ ಆವೃತ್ತಿ ಕಿತ್ತು ಹೊಸದನ್ನು ಕೂರಿಸಿ
ಕೊಟ್ಟ ಕಾಫಿಯನ್ನೂ ಮುಗಿಸದೆ ಹೊರಟ.

ಮಾರ್ಯುನ್ ದೋಣಿಗಳ ಪಟ್ಟಿ ತೆರೆದಳು.
ಹದಿನೇಳು ವರ್ಷ ಒಂದೊಂದಾಗಿ ಕಲಿಸಿದ್ದ ಹೆಸರು,
ಎಲ್ಲದರ ಕೆಳಗೂ ಈಗ ಕೆಂಪು ಅಲೆ.
ದೋಣಿ, ದೋಣಿಯ ಒಡೆಯ, ಬಲೆ ಹೊಲಿಯುವ ಸುನ್ನೇವ,
ಯಾರ ಗುರುತೂ ಇಲ್ಲ ಇದಕ್ಕೆ.

'ನಿಘಂಟಿಗೆ ಸೇರಿಸು' ಒತ್ತಿದಳು.
ಸೇರಿಸು. ಮತ್ತೆ ಸೇರಿಸು.
ಹೊಸ ಸೊಸೆಗೆ ನೆಂಟರಿಷ್ಟರನ್ನು ತೋರಿಸಿದ ಹಾಗೆ:
ಇವರು ಇಂಥವರು, ಮರೆಯಬೇಡ.

ಟ್ರೊಂಡುರನ ಸಾಲಿಗೆ ಬಂದಾಗ
ಬೆರಳು ಇಲಿಯ ಮೇಲೇ ನಿಂತಿತು.
ದೋಣಿ ಸಿಕ್ಕಿತ್ತು, ಮಾರ್ಚಿಯಲ್ಲಿ. ದೋಣಿಯಷ್ಟೇ.
ಅವನ ಬದಲಿಗೆ ಪರದೆ
ಮೂರು ಬೇರೆ ಹೆಸರು ಸೂಚಿಸಿತು.

ಇರಲಿ, ಅವನ ಕೆಳಗೆ ಅಲೆ.

ಕಡತ ಉಳಿಸಿ,
ಹುಡುಗ ಬಿಟ್ಟುಹೋದ ತಣ್ಣನೆ ಕಾಫಿ
ತಾನೇ ಕುಡಿದಳು.