ಹೊಟ್ಟೆಯಿಂದ ಶುರುಮಾಡು

ನಾಳೆ ಬೆಳಿಗ್ಗೆ ಏಳಕ್ಕೆ ಎದೆ ತೆರೆಯುತ್ತಾರೆ.
ಇವತ್ತು ರಾತ್ರಿ ಕೂದಲು ತೆಗೆಯುವ ಪಾಳಿ ನನ್ನದು.
ಒಂಬತ್ತನೇ ಹಾಸಿಗೆ, ಎವಾರಿಸ್ತೊ ಬಾರ್ರಿಯಾ, ಅರವತ್ತಾರು,
ದೇಶದ ದಕ್ಷಿಣ ತುದಿಯಿಂದ ಸಾಂತಿಯಾಗೊಗೆ
ಮೂರೂವರೆ ಗಂಟೆ ಹಾರಿ ಬಂದವನು.
ಕಸುಬು ಎಂಬಲ್ಲಿ ಯಾರೋ ಬರೆದಿದ್ದಾರೆ:
ಕುರಿ ಉಣ್ಣೆ ಕತ್ತರಿಸುವುದು.

ಸಂಜೆ ಡಾಕ್ಟರು ಚೀಟಿಯ ಹಿಂದೆ ಗೀಚಿ ತೋರಿಸಿದ್ದರು.
ಒಂದೇ ಕಡೆ ಕಟ್ಟಿದ್ದರೆ
ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸಬಹುದಿತ್ತು.
ಇಲ್ಲಿ ಮೂರು ಕಡೆ, ಸಾಲದ್ದಕ್ಕೆ ಬುಡದಲ್ಲೇ.
ಹಾಗಾಗಿ ಬೈಪಾಸ್. ಬೇರೆ ನಾಳ ಬೇಕು,
ಅಂಗಡಿಯಲ್ಲಿ ಸಿಗುವುದಲ್ಲ,
ಎದೆಗೋಡೆಯ ಒಳಗಿಂದ ಒಂದು, ಕಾಲಿನಿಂದ ಒಂದು,
ಎಡಗೈಯಿಂದ ಒಂದು.

ಎದೆಗೆ ಒಪ್ಪಿದ, ಕಾಲಿಗೂ.
ಕೈಗೆ ಮಾತ್ರ ಚೌಕಾಸಿ.
"ಬಲಗೈ ಮಷೀನು ಹಿಡಿಯುತ್ತೆ, ಅಷ್ಟೆ.
ಚರ್ಮ ಎಳೆದು ಹಿಡಿಯೋದು ಎಡಗೈ.
ಅದು ಸಡಿಲ ಬಿಟ್ಟರೆ ಕುರಿಗೆ ಗಾಯ."
ಡಾಕ್ಟರು ಮಣಿಕಟ್ಟಿನ ಎರಡೂ ನಾಡಿ ಅದುಮಿ
ಮುಷ್ಟಿ ಕಟ್ಟಿಸಿ, ಬಿಚ್ಚಿಸಿ,
ಒಂದರ ಮೇಲಿನ ಬೆರಳು ತೆಗೆದರು.
ಬಿಳಿಚಿದ ಅಂಗೈಗೆ ಮೆಲ್ಲಗೆ ಕೆಂಪು ಬಂತು.
"ನೋಡಿ, ಇದಕ್ಕೆ ಒಂದೇ ಸಾಕು."
ನೋಡುತ್ತಲೇ ಇದ್ದ, ಯಾರದೋ ಅಂಗೈ ಎಂಬಂತೆ.

ಎದೆ ಕೈಕೊಟ್ಟಿತ್ತು.
ಈಗ ಆ ಎದೆಗೇ ಕೈ ಕೊಡಬೇಕು.

ಕ್ಲಿಪ್ಪರ್ ಚಾಲೂ ಮಾಡಿದೆ. ಸದ್ದಿಗೆ ನಕ್ಕ.
"ಏನಿದು, ಆಟಿಕೆಯಾ?"
ನಾನು ಅಂಜಿ ಗಿಡ್ಡ ಗಿಡ್ಡ ಗೀರು ಎಳೆಯುತ್ತಿದ್ದೆ.
"ಹಾಗಲ್ಲ ಮಗಳೇ, ಹೊಟ್ಟೆಯಿಂದ ಶುರುಮಾಡು.
ಉದ್ದಕ್ಕೆ ಬಾ, ನಡುವೆ ನಿಲ್ಲಬೇಡ.
ನೀನು ಹೆದರಿದರೆ ಅದಕ್ಕೆ ಗೊತ್ತಾಗುತ್ತೆ."
ಅದಕ್ಕೆ ಅಂದ.
ತನಗೆ ಅನ್ನಲಿಲ್ಲ.

ತನ್ನ ಚರ್ಮ ತಾನೇ ಎಳೆದು ಹಿಡಿದುಕೊಟ್ಟ,
ಪಕ್ಕೆ, ಕಂಕುಳ ಕೆಳಗೆ, ತೊಡೆಯ ಒಳಮೈ.
ಹೇಳುತ್ತಲೂ ಇದ್ದ: ಕುರಿಯನ್ನು ಅಂಡಿನ ಮೇಲೆ ಕೂರಿಸಬೇಕು,
ಬೆನ್ನು ನಿನ್ನ ಮೊಣಕಾಲಿಗೆ,
ಅದರ ಕಾಲು ನೆಲಕ್ಕೆ ತಾಗಬಾರದು.
ತಾಗಿದರೆ ಒದೆಯುತ್ತೆ.
ತಾಗದಿದ್ದರೆ, ಪಾಪ, ಎಲ್ಲ ಬಿಟ್ಟುಕೊಡುತ್ತೆ.

ಅಲ್ಲಿಗೆ ಮಾತು ನಿಂತಿತು.
ಮಂಚದಂಚಿಗೆ ಇಳಿಬಿದ್ದ ಅವನ ಪಾದಗಳು
ನೆಲದಿಂದ ನಾಲ್ಕು ಬೆರಳು ಮೇಲೆ.

ಕೊನೆಗೆ ಎಡಗೈ.
ಬಲಗೈ ನೆರವಿಗೆ ಬಂತು, ಹಿಡಿಯಲು ಅದಕ್ಕೆ ಬರಲಿಲ್ಲ.
ನಾನು ಹಿಡಿದೆ,
ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಎಳೆತ,
ನಿಲ್ಲಿಸಲಿಲ್ಲ.
"ಹೂಂ," ಎಂದ.

ಉದುರಿದ್ದನ್ನೆಲ್ಲ ಗುಡಿಸಿ ತಟ್ಟೆಗೆ ಹಾಕುವಾಗ
ಕಣ್ಣು ಮುಚ್ಚಿಯೇ ಕೇಳಿದ:
"ಎಷ್ಟು ತೂಗುತ್ತೆ?"