ಕೊಸರು

ಮಂಗಳವಾರ ಎಲ್ಮಿನಾದಲ್ಲಿ ಯಾರೂ ಕಡಲಿಗಿಳಿಯುವುದಿಲ್ಲ.
ಅದು ಕಡಲಿನ ರಜೆ, ತಾತಂದಿರ ಕಾಲದ್ದು.
ಅವತ್ತು ನನ್ನ ಮಂಜುಗಡ್ಡೆಗೆ ನೀರಿನ ಬೆಲೆಯೂ ಇಲ್ಲ.
ಗೋಣಿಯೊಳಗೆ ಕೂತು ಬೆವರುತ್ತದೆ,
ಅದರ ಮೇಲೆ ಕೂತು ನಾನು.

ಬುಧವಾರ ನಸುಕಿಗೆ ಬೆನ್ಯಾ ನದಿಯ ಬಾಯಲ್ಲಿ
ಒಂದರ ಮೈಗೆ ಒಂದು ಉಜ್ಜಿಕೊಂಡು ದೋಣಿಗಳು ಬಂದರೆ
ಅದೇ ಗಡ್ಡೆ, ಅದೇ ಗೋಣಿ, ಅದೇ ನಾನು,
ಬೆಲೆ ಮಾತ್ರ ಬೇರೆ.
ರಾತ್ರೋರಾತ್ರಿ ಜಾಣನಾದೆನೆ?
ಇಲ್ಲ. ಮೀನು ಬಂತು, ಅಷ್ಟೆ.
ನನ್ನ ಅದೃಷ್ಟ ಯಾವಾಗಲೂ ಇನ್ನೊಬ್ಬರ ಬಲೆಯಲ್ಲಿ.

ಪಕ್ಕದ ಹಲಗೆ ಎಕುವಾ ಬೆಂಟ್ಸಿವಾಳದು.
ಹದಿನೇಳು ವರ್ಷದಿಂದ
ಅವಳ ಬೂತಾಯಿಗೂ ನನ್ನ ಚಳಿಗೂ ಲೆಕ್ಕ.
ಏಳು ಗಂಟೆಗೆ ಬಟ್ಟಲಿಗೆ ಇಪ್ಪತ್ತು ಸೇಡಿ ಅನ್ನುತ್ತಾಳೆ
ಊರಿಗೆಲ್ಲ ಡಂಗುರ ಸಾರಿದಂತೆ.
ಒಂಬತ್ತಕ್ಕೂ ಇಪ್ಪತ್ತೇ.
ಹನ್ನೊಂದಕ್ಕೆ, ಬಿಸಿಲು ಮೀನಿನ ಕಣ್ಣಿಗೆ
ಹಾಲು ಹೊಯ್ಯುತ್ತಿರುವಾಗಲೂ,
ಇಪ್ಪತ್ತೇ.

ನೋಡಬೇಕಾದ್ದು ಬಾಯನ್ನಲ್ಲ, ಕೈಯನ್ನು.
ಏಳಕ್ಕೆ ಕೊಸರು ಒಂದೇ ಮೀನು.
ಒಂಬತ್ತಕ್ಕೆ ಮೂರು.
ಹನ್ನೊಂದಕ್ಕೆ ಎಣಿಸುವುದಿಲ್ಲ, ಬಾಚುತ್ತಾಳೆ.

"ಬೆಲೆಯನ್ನೇ ಇಳಿಸಬಾರದೆ?" ಒಮ್ಮೆ ಕೇಳಿದ್ದೆ.
"ಬೆಲೆಗೆ ಕಾಲಿದೆ" ಅಂದಳು.
"ಇಲ್ಲಿ ಇಳಿಸಿದರೆ ಸೇತುವೆ ದಾಟಿ
ಆಚೆ ಸಾಲಿನವರೆಗೂ ಓಡುತ್ತದೆ.
ನಾಳೆ ಬೆಳಿಗ್ಗೆ ಎಲ್ಲರೂ ಅದರ ಕೈ ಹಿಡಿದೇ ಬರುತ್ತಾರೆ.
ಕೊಸರಿಗೆ ಬಾಯಿಲ್ಲ.
ಹಾಕಿದ ಕೈ, ಹಿಡಿದ ಬಟ್ಟಲು,
ಮೂರನೆಯವರಿಗೆ ಗೊತ್ತಾಗದು."

ಖಾನಾವಳಿಯ ಅಬಾ ಕ್ರೆಂಟ್ಸಿಲ್‌ಗೆ ಕೊಸರು ಕಡಿಮೆ:
ಮಧ್ಯಾಹ್ನದ ಸಾರಿಗೆ ಅವಳಿಗೆ ಮೀನು ಬೇಕೇ ಬೇಕು.
ಅಲಸಂದೆ ಬೇಯಿಸಿಕೊಂಡರೂ ನಡೆದೀತು
ಎಂದು ಮುಖ ತಿರುಗಿಸುವ ಮೇಷ್ಟರಿಗೆ ಜಾಸ್ತಿ.
ಎದ್ದು ಹೋಗಬಲ್ಲವನಿಗೇ ಮರ್ಯಾದೆ,
ಸಂತೆಯಲ್ಲೂ, ಸಂಬಂಧದಲ್ಲೂ.

ಒಂದು ದಿನ ಹುಡುಗನೊಬ್ಬ ಅರ್ಧ ಬುಟ್ಟಿ ಹೊತ್ತು ಬಂದ.
ರಾತ್ರಿಯಿಡೀ ಸುಟ್ಟ ಎಣ್ಣೆಗಾದರೂ
ದುಡ್ಡು ಹುಟ್ಟಬೇಡವೆ ಅಕ್ಕ, ಎಂದು ಗೋಗರೆದ.
ಅವಳು ಬಗ್ಗಿ ಬುಟ್ಟಿ ಮೂಸಿದಳು.
"ನೀನು ಸುಟ್ಟದ್ದನ್ನು ನನ್ನ ಗಿರಾಕಿ ತಿನ್ನುವುದಿಲ್ಲ ಮಗಾ.
ಹೋದದ್ದು ಹೊಗೆ.
ಇರುವುದನ್ನು ತೋರಿಸು."

ಆ ಮಾತನ್ನು ಸೆರಗಿಲ್ಲದ ನಾನೂ ಗಂಟು ಹಾಕಿಕೊಂಡೆ.
ಗಡ್ಡೆ ಪುಡಿಮಾಡುವ ಯಂತ್ರ, ಮೂರು ಸಲ ರಿಪೇರಿಯಾದದ್ದು,
ನಾಲ್ಕನೆಯ ಸಲ ಕೆಮ್ಮಿದಾಗ ಗುಜರಿಗೆ ಹಾಕಿದೆ.
ಹೆಂಡತಿ ಬೈದಳು. ಹೋದದ್ದು ಹೊಗೆ, ಅಂದೆ.
ಆ ವರ್ಷ ಸುತ್ತಿಗೆಯಲ್ಲೇ ಒಡೆದು ಉಳಿಸಿದೆ.

ಆಮೇಲೆ ಗೊತ್ತಾಯಿತು.
ದಂಡೆಯ ತುದಿಯಲ್ಲಿ, ಹಕ್ಕಿ ಹಿಕ್ಕೆಯ ಕೆಳಗೆ,
ತಳ ಕೊಳೆತ ದೋಣಿಯೊಂದು ಅವಳದಂತೆ.
ಅವಳದಲ್ಲ, ತಮ್ಮ ಎಬೊನದು.
ಆರು ವರ್ಷದ ಹಿಂದೆ ದೋಣಿ ಮಾತ್ರ ಬಂದಿತ್ತು.
ತಿಂಗಳು ತಿಂಗಳು ಜಾಗದ ಬಾಡಿಗೆ ಕಟ್ಟುತ್ತಾಳೆ,
ವರ್ಷಕ್ಕೊಮ್ಮೆ ಹಳದಿ ಬಣ್ಣ,
ಅದರ ಮೇಲೆ ಅವನ ಹೆಸರು, ಅಕ್ಷರ ಸ್ವಲ್ಪ ವಾಲಿದ್ದು.
ಕೊಡು ಎಂದು ಕೇಳಿದವರಿದ್ದಾರೆ, ಒಳ್ಳೆಯ ದರಕ್ಕೆ;
ಮೀನು ಹೊಗೆಯಾಡಿಸುವ ಒಲೆಗೆ
ಒಣಗಿದ ಮರ ಯಾರಿಗೆ ಬೇಡ?

ಇರುವುದನ್ನು ತೋರಿಸು, ಅನ್ನಬಹುದಿತ್ತು ನಾನು.
ಅನ್ನಲಿಲ್ಲ.
ಎಬೊ ಅಂದರೆ ಮಂಗಳವಾರ ಹುಟ್ಟಿದವನು.
ಮಂಗಳವಾರ ಅವಳು ಉಪ್ಪುಕಾಗದ ಹಿಡಿದು
ಆ ಮರದ ಮೈ ತಿಕ್ಕುತ್ತಿರುತ್ತಾಳೆ, ಒಬ್ಬಳೇ.
ನಾನು ಗಡ್ಡೆಯ ಒಂದು ಚೂರು ಒಡೆದು
ತಂಬಿಗೆ ನೀರಿಗೆ ಹಾಕಿ ಒಯ್ದು ಕೊಡುತ್ತೇನೆ.

ಈ ದಿನ ಅದಕ್ಕೆ ಬೆಲೆಯಿಲ್ಲ, ಕೊಟ್ಟರೆ ನಷ್ಟವಿಲ್ಲ,
ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತೇನೆ.
ಬುಧವಾರವೂ ಕೊಡುತ್ತೇನೆ.
ಅವತ್ತು ಏನೂ ಹೇಳಿಕೊಳ್ಳುವುದಿಲ್ಲ.